ಹೊಳೆಯ ಕಡೆ ಕೇಳುವುದು ಬೇಡ

ಬಂಗೂರನಗರ, ದಾಂಡೇಲಿ
೧೨ ಜನವರಿ ೨೦೨೫, ರವಿವಾರ

ನನ್ನ ಪಾಲಿಗೆ ಅವ್ವನ ಜಾಗದಲ್ಲಿರುವ ಗೋದಕ್ಕನಿಗೆ, ತಂಗಿ ಶೈಲಾಳ ನಮಸ್ಕಾರ. ಲಗಮಪ್ಪ ಮಾಮಾನ ಕಾಲಿಗೂ ಬಿದ್ದೆನೆಂದು ಹೇಳು.

ನಿನ್ನ ಪತ್ರ ಎಳ್ಳಮಾವಾಸ್ಯೆಗೆ ಮೊದಲೇ ಬಂದಿತ್ತು. ಉತ್ತರ ತಡವಾಯಿತು, ತಪ್ಪು ನನ್ನದೇ. ಇವರ ಮಿಲ್ಲಿನ ಪಾಳಿ ನಡೆದಿದೆ, ನನ್ನ ಮಂಡಿನೋವು ನಡೆದಿದೆ. ಅಷ್ಟನ್ನೇ ಕ್ಷೇಮ ಎನ್ನುವುದಾದರೆ ಕ್ಷೇಮ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಮೂರು ಸಲ ಹಚ್ಚಿದೆ. ನೀನು “ಶೈಲಾ, ಏನರ ಸುದ್ದಿ ಸಿಕ್ತೇನ?” ಎಂದು ಕೇಳುತ್ತಲೇ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಸಂಕ್ರಾಂತಿ ಮುಗಿಸಿ ಮುಂದಿನ ರವಿವಾರ ಬರುತ್ತೇನೆ, ವಿಠ್ಠಲನ ಫೋಟೋ ಹಾಕಿದ ಇನ್ನೂರು ಹಾಳೆ ಅಚ್ಚು ಹಾಕಿಸಿದ್ದೇನೆ, ನಿಮ್ಮೂರಿನಲ್ಲಿ ಯಾವ ಓಣಿಗೆ ಹೋಗಬೇಕು, ಯಾರನ್ನು ಕೇಳಬೇಕು ಬರೆದು ಕಳಿಸು ಎಂದಿದ್ದೀ. ಇಪ್ಪತ್ತಮೂರು ವರ್ಷದ ಮಗ ನನ್ನ ಮನೆಯಿಂದ ಹೊರಟವನು ನಿನ್ನ ಮನೆ ಮುಟ್ಟದೆ ಹನ್ನೊಂದು ತಿಂಗಳಾಯಿತು. ಹುಡುಕಬೇಡ ಎನ್ನಲು ನನಗೆ ಯಾವ ಬಾಯಿ ಇದೆ?

ಊರು ತೋರಿಸುವುದು ನನಗೆ ಹೊಸದಲ್ಲ, ನಿನಗೆ ಗೊತ್ತೇ ಇದೆ. ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಮನೆಗೆ ಬಂದ ನೆಂಟರು ಯಾರೂ ನಾನು ಬರೆದುಕೊಟ್ಟ ಚೀಟಿ ಇಲ್ಲದೆ ಹೊರಗೆ ಕಾಲಿಟ್ಟಿಲ್ಲ. “ಮುನ್ಸಿಪಾಲ್ಟಿಯವ್ರು ನಿನಗ ಪಗಾರ ಕೊಡಬೇಕ ನೋಡು” ಎಂದು ಇವರು ನಗುತ್ತಿದ್ದರು. ಈಗ ಬರೆಯಲು ಮನಸ್ಸಾಗುವುದಿಲ್ಲ. ಆದರೂ ಕೇಳಿದ್ದೀ, ಬರೆಯುತ್ತೇನೆ.

ಧಾರವಾಡದಿಂದ ಬರುವಾಗ ಬಸ್ಸು ಹಳಿಯಾಳದಲ್ಲಿ ನಿಲ್ಲುತ್ತದೆ. ಇಳಿದು ಕಂಟ್ರೋಲರ್ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸು, ಆ ಗೋಡೆಯನ್ನು ಎಲ್ಲರೂ ಓದುತ್ತಾರೆ. ದಾಂಡೇಲಿಯಲ್ಲಿ ಇಳಿದ ಮೇಲೆ ಆಟೋ ಸ್ಟ್ಯಾಂಡಿನಲ್ಲಿ ಅಡಿವೆಯ್ಯ ಎಂಬವನಿದ್ದಾನೆ, ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಾನೆ. ಬಾಯಿ ಜೋರು, ಆದರೆ ಮನುಷ್ಯ ಬಂಗಾರ. ಬೇರೆಯವರು ರೆಸಾರ್ಟಿನ ಗಿರಾಕಿ ಎಂದುಕೊಂಡು ನಿನ್ನನ್ನು ಊರೆಲ್ಲ ಸುತ್ತಿಸುತ್ತಾರೆ.

ಮೊದಲು ನಮ್ಮ ಬಂಗೂರನಗರ. ಮಿಲ್ಲಿನ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯ ಹತ್ತಿರ ನಿಂತುಕೋ. ಬಿಟ್ಟು ಹೋಗುವವರು, ಒಳಗೆ ಹೋಗುವವರು ಇಬ್ಬರೂ ಸಿಗುತ್ತಾರೆ. ಹುಡುಗರನ್ನು ಕೇಳಬೇಡ, ಫೋನಿನಿಂದ ತಲೆ ಎತ್ತುವುದಿಲ್ಲ. ಊಟದ ಡಬ್ಬಿ ಹಿಡಿದ ವಯಸ್ಸಾದವರನ್ನು ಕೇಳು, ಅವರು ಮುಖ ನೋಡುತ್ತಾರೆ.

ರವಿವಾರವೇ ಬರುವುದರಿಂದ ಸಂತೆ ಇರುತ್ತದೆ. ಅಲ್ಲಿ ಗುರುಬಸವ್ವ ಮಿರ್ಚಿ ಕರಿಯುತ್ತಾಳೆ. ಒಮ್ಮೆ ತಿಂದು ಹೋದವರನ್ನೂ ಮರೆಯುವವಳಲ್ಲ. ವಿಠ್ಠಲ ಬಂದ ಮರುದಿನ ಅವಳ ಹತ್ತಿರ ನಾಲ್ಕು ಮಿರ್ಚಿ ತಿಂದು, “ಚಿಗವ್ವ, ನಿಮ್ಮೂರಾಗ ಖಾರ ಐತಿ, ಮಂದಿ ಭಾಳ ಸಪ್ಪನ ಅದಾರ” ಎಂದು ನನ್ನನ್ನೇ ಕಾಡಿಸಿದ್ದ. ಅವಳು ಈಗಲೂ ಕಂಡಾಗೆಲ್ಲ “ಅಕ್ಕಾರ ಮಗ ಬಂದನೇನ್ರಿ?” ಎಂದು ಕೇಳುತ್ತಾಳೆ. ನಾನು ಆ ಸಾಲಿನಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.

ಅಂಬಿಕಾನಗರಕ್ಕೆ ಹೋದರೆ ಮರದ ನೆರಳು ಬಹಳ, ದಣಿವಾರಿಸಿಕೋ. ಕ್ವಾರ್ಟರ್ಸಿನ ಹೆಂಗಸರು ಮಾತಿಗೆ ಸಿಗುತ್ತಾರೆ, ನೀರು ಕೇಳಿದರೆ ಮಜ್ಜಿಗೆ ಕೊಡುತ್ತಾರೆ. ಜೋಯಿಡಾ ಕಡೆಯ ರೆಸಾರ್ಟುಗಳಲ್ಲಿ ಹೊರಗಿನ ಹುಡುಗರು ಅಡುಗೆಗೆ, ದೋಣಿಗೆ ನಿಲ್ಲುತ್ತಾರಂತೆ. ಅಲ್ಲಿ ಕೊಂಕಣಿ ಮಾತು, ಅಡಿವೆಯ್ಯನಿಗೆ ಬರುತ್ತದೆ. ಮುಂಡಗೋಡದ ಟಿಬೆಟ್ ಕ್ಯಾಂಪಿನ ಹೋಟೆಲುಗಳಲ್ಲೂ ಕೇಳು ಎಂದು ಯಾರೋ ಹೇಳಿದರೆಂದು ಬರೆದಿದ್ದೀ. ಅಷ್ಟು ದೂರ ಹೋಗಬೇಡ ಅಕ್ಕ. ಗೋವಾಕ್ಕೂ ಹೋಗಬೇಡ. ಅಲ್ಲಿ ನೋಡಿದೆ, ಇಲ್ಲಿ ನೋಡಿದೆ ಎನ್ನುವವರಿಗೆ ಬಾಯಿ ಮಾತಿನ ಖರ್ಚು ಅಷ್ಟೆ, ನಿನಗೆ ಜೀವದ ಖರ್ಚು.

ಹಳೇ ದಾಂಡೇಲಿ ಒಂದನ್ನು ಬಿಟ್ಟುಬಿಡು. ಅಲ್ಲಿ ಹೊಳೆ ಬಿಟ್ಟರೆ ಏನೂ ಇಲ್ಲ. ಹೊಳೆಯ ಕಡೆ ಯಾರನ್ನೂ ಕೇಳುವುದು ಬೇಡ.

ನಿನ್ನ ಪತ್ರದಲ್ಲಿ ಎಲ್ಲಕ್ಕಿಂತ ನನ್ನನ್ನು ಸುಟ್ಟದ್ದು ಮಾಮಾನ ಸುದ್ದಿ. ಮಗನ ಮೇಲೆ ಎತ್ತಿದ ಕೈ ಎಂದು ಬಲಗೈಯಿಂದ ಉಣ್ಣುವುದನ್ನೇ ಬಿಟ್ಟಿದ್ದಾರೆ, ಮಂದಿ ಮುಂದೆಯೂ ಎಡಗೈಯಿಂದ ತುತ್ತು ಎತ್ತುತ್ತಾರೆ ಎಂದು ಬರೆದಿದ್ದೀ. “ನಾ ಹೊಡದದ್ದಕ್ಕ ಹ್ವಾದ, ನಾನಽ ಕಳಕೊಂಡೆ” ಎನ್ನುತ್ತಾರಂತೆ. ಅದನ್ನು ಓದಿದ ದಿನದಿಂದ ಹತ್ತು ಸಲ ಈ ಕಾಗದ ಶುರು ಮಾಡಿ ಹರಿದು ಒಲೆಗೆ ಹಾಕಿದ್ದೇನೆ.

ಸಪ್ನಾಳಿಗೆ ನನ್ನ ಆಶೀರ್ವಾದ ಹೇಳು. ಒಳ್ಳೆಯ ಮನೆ ಸೇರಲಿ, ತಮ್ಮನಿಲ್ಲದ ಕೊರಗು ಅವಳ ಸಂಸಾರಕ್ಕೆ ತಟ್ಟದಿರಲಿ. ನಿನ್ನ ಕಣ್ಣೀರು ದೇವರಿಗೆ ಮುಟ್ಟಲಿ. ಸಂಕ್ರಾಂತಿಯ ಕುಸುರೆಳ್ಳು ಕಳಿಸಬೇಕೆಂದಿದ್ದೆ, ಈ ವರ್ಷ ಮಾಡಲಿಲ್ಲ.

ಇಂತಿ ನಿನ್ನ ತಂಗಿ,
ಶೈಲಾ

ತಾ.ಕ.: ಸಹಿ ಮಾಡಿ ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಇಲ್ಲಿಂದ ಮುಂದೆ ನೀನೊಬ್ಬಳೇ ಓದು, ಸಪ್ನಾಳ ಕೈಯಲ್ಲಿ ಓದಿಸಬೇಡ.

ವಿಠ್ಠಲ ಬಸ್ಸು ಹತ್ತಿ ಹೋದ ಎಂದು ನಿಮಗೂ, ಇವರಿಗೂ, ಪೊಲೀಸರಿಗೂ ಹೇಳಿದೆ. ಅವನು ಬಸ್ಸು ಹತ್ತಲಿಲ್ಲ.

ಅಪ್ಪನ ಮೇಲೆ ಸಿಟ್ಟಾಗಿ ಅವನು ನನ್ನ ಮನೆಗೆ ಬಂದ ದಿನವೇ ಕ್ಯಾಲೆಂಡರಿನ ಹಾಳೆ ಹರಿದು ಚೀಟಿ ಬರೆದುಕೊಟ್ಟಿದ್ದೆ. ಎಲ್ಲಿ ಮಿರ್ಚಿ ತಿನ್ನಬೇಕು, ಯಾರ ಆಟೋ ಹತ್ತಬೇಕು, ಎಲ್ಲ ಇತ್ತು. ಕೊನೆಗೆ, ಹಳೇ ದಾಂಡೇಲಿಯ ಹೊಳೆಯಲ್ಲಿ ಅಗಲವಾದ ಬಂಡೆ ಇದೆ, ಬುತ್ತಿ ಕಟ್ಟಿಕೊಂಡು ಹೋಗಿ ಕೂತರೆ ತಂಪು ಎಂದು ಬರೆದಿದ್ದೆ. ಮೂರನೆಯ ದಿನ ಮುಂಜಾನೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ನಿಂತ. “ಅಪ್ಪನ ಮುಂದ ತಪ್ಪಾತು ಅಂತ ಹೇಳಿಬಿಡ್ತೇನಿ ಚಿಗವ್ವ. ಅವನ ಮಾರಿ ನೆನಪಾಗಿ ನಿದ್ದಿ ಹತ್ತಲಿಲ್ಲ” ಎಂದ. ನಾನು ಸುಮ್ಮನಿರಬೇಕಿತ್ತು. “ಹೊಳಿ ನೋಡದ ಹೋಗ್ತೀಯೇನ? ಸಂಜಿ ಬಸ್ಸಿಗೆ ಹೋಗುವಂತಿ” ಎಂದು ಚೀಲ ಕಸಿದಿಟ್ಟು, ಅವಲಕ್ಕಿ ಕಟ್ಟಿಕೊಟ್ಟು ಕಳಿಸಿದೆ.

ಮಳೆ ಇಲ್ಲದ ದಿನವೂ ಈ ಹೊಳೆ ಏರುತ್ತದೆ ಅಕ್ಕ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಬಂಡೆಯ ಬುಡದಲ್ಲಿ ಒಂದು ಸಣ್ಣ ಕಲ್ಲಿದೆ, ಅದು ಮುಳುಗಿತೆಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ಬರಬೇಕು. ಇಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಗೊತ್ತಿರುವುದನ್ನು ಯಾರಾದರೂ ಬರೆಯುತ್ತಾರೆಯೇ ಎಂದು ನಾನು ಬರೆಯಲಿಲ್ಲ. ನಿನ್ನ ಮಗ ಬಯಲುಸೀಮೆಯ ಹುಡುಗ, ಅವನಿಗೆ ಹೇಗೆ ಗೊತ್ತಾಗಬೇಕು?

ಸಂಜೆ ನಾಲ್ಕಕ್ಕೂ ಬರಲಿಲ್ಲವೆಂದು ನಾನೇ ಹೋದೆ. ದಂಡೆಯ ಮೇಲೆ ಅವನ ಚಪ್ಪಲಿ ಇದ್ದವು. ಗಾಳಿಗೆ ಹಾರದಿರಲೆಂದು ನನ್ನ ಚೀಟಿಯನ್ನು ಅವುಗಳ ಕೆಳಗೆ ಇಟ್ಟಿದ್ದ. ಬಂಡೆ ಕಾಣುತ್ತಿರಲಿಲ್ಲ. ಕೂಗಿದೆ, ದಂಡೆಗುಂಟ ಓಡಿದೆ. ಆಮೇಲೆ ನನ್ನ ಅಕ್ಷರವಿದ್ದ ಆ ಚೀಟಿಯನ್ನೂ ಚಪ್ಪಲಿಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡ. ನಿನ್ನ ಮುಖ ಕಣ್ಣ ಮುಂದೆ ಬಂತು, ಹೆದರಿದೆ. ಇವರು ಕೇಳಿದಾಗ ಬಸ್ಸಿಗೆ ಹೋದ ಎಂದುಬಿಟ್ಟೆ. ಅವತ್ತೇ ಹೇಳಿದ್ದರೆ ದೋಣಿ ಇಳಿಸುತ್ತಿದ್ದರು, ಕಡೆಗೆ ಅವನ ಮೈಯಾದರೂ ನಿನಗೆ ಸಿಗುತ್ತಿತ್ತು. ನನ್ನ ಒಂದು ಮಾತಿಗೆ ಯಾರೂ ಹೊಳೆಯ ಕಡೆ ತಿರುಗಿಯೂ ನೋಡಲಿಲ್ಲ. ಅವನ ಚೀಲ, ಚಪ್ಪಲಿ ಎಲ್ಲ ಅಕ್ಕಿ ಡಬ್ಬಿಯ ಹಿಂದೆ ಇವೆ.

ಇವರಿಗೆ ಇವತ್ತು ಹೇಳುತ್ತೇನೆ. ನಾಳೆ ಪೊಲೀಸ್ ಠಾಣೆಗೆ ಹೋಗುತ್ತೇನೆ. ನೀನು ಆ ಇನ್ನೂರು ಹಾಳೆ ತರಬೇಡ. ಬಂದರೆ ಅಡಿವೆಯ್ಯನಿಗೆ ಹಳೇ ದಾಂಡೇಲಿಯ ಹೊಳೆಗೆ ಬಿಡು ಎನ್ನು, ನಾನು ಅಲ್ಲೇ ನಿಂತಿರುತ್ತೇನೆ. ಹೊಡೆ, ಉಗುಳು, ಏನಾದರೂ ಮಾಡು.

ಆದರೆ ಅದಕ್ಕೂ ಮೊದಲು, ಈ ಕಾಗದ ಕೆಳಗಿಡುತ್ತಲೇ ಒಳಗೆ ಹೋಗಿ ಮಾಮಾನಿಗೆ ಹೇಳು. ಮಗ ಸಿಟ್ಟು ಮಾಡಿಕೊಂಡು ಹೋಗಲಿಲ್ಲ, ಅಪ್ಪನ ಹತ್ತಿರವೇ ಹೊರಟಿದ್ದ, ತಡೆದವಳು ನಾನು. ಇವತ್ತು ಬಲಗೈಯಿಂದ ಉಣ್ಣಲಿ.