ಅತ್ತೆಯ ಎಮ್ಮೆ, ನನ್ನ ನಿಯಮ

ಜುಲೈ 14, ಸೋಮವಾರ

ಅತ್ತೆಯ ಎಮ್ಮೆಯೇ ಮೊದಲು ನುಗ್ಗಬೇಕಿತ್ತೇ! ಮಂಠಾಳದ ಗೋಮಾಳದಲ್ಲಿ ಹುಲ್ಲು ಈಗಷ್ಟೇ ಚಿಗುರಿದೆ. ಅಲ್ಲಿ ದನ ಬಿಟ್ಟವರು ಒಂದು ದಿನ ನೀರಿಂಗುವ ಗುಂಡಿ ತೋಡಬೇಕೆಂದು ಊರನ್ನು ಒಪ್ಪಿಸಿದ ಜಲಾನಯನ ಯೋಜನೆಯ ಕಾರ್ಯಕರ್ತೆ ನಾನೇ.

“ಯಾಕ್ರಿ ಮೇಡಂ, ಕಾಯ್ದೆ ನಮ್ಮ ಕುರಿಗಷ್ಟೇ ಏನ್ರಿ?” ಎಂದ ಕುರಿಗಾಹಿ ಮಡೆಪ್ಪ. ಬಿಟ್ಟುಕೊಟ್ಟರೆ ನಾಳೆ ಅವನ ಹಿಂಡೂ ಒಳಗೆ. ಮದುವೆಯಾಗಿ ತಿಂಗಳಾಗಿಲ್ಲ, ಅತ್ತೆಯ ಕೈಗೆ ಗುದ್ದಲಿ ಕೊಡುವುದು ಹೇಗೆ? ನಾನೇ ಅಗೆಯತೊಡಗಿದೆ.

ಮಧ್ಯಾಹ್ನ ಅತ್ತೆ ಬಂದು ಗುದ್ದಲಿ ಕಸಿದುಕೊಂಡರು. “ಎಮ್ಮಿ ನಂದು, ಗುಂಡಿನೂ ನಂದೇ. ನೀ ಮಣ್ಣು ಎತ್ತು.” ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು!

“ಸೊಸಿ ಬಂದು ಅತ್ತಿನ್ನ ಕೂಲಿಗಿ ಹಚ್ಚಿದ್ಳು!” ಎಂದು ನಗುತ್ತಾ ಮಡೆಪ್ಪ ಕುರಿಗಳನ್ನು ಹುಲ್ಲಿನಿಂದಾಚೆ ತಿರುಗಿಸಿದ.

ಸೊಂಟ ಮುರಿದಂತಿದೆ, ಕಣ್ಣು ಎಳೆಯುತ್ತಿವೆ. ನನ್ನ ಮುದ್ದು ಗಂಡ ಗುರುಶಾಂತ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾನೆ. ಅದು ಕಾಯುವಷ್ಟರಲ್ಲಿ ನಾನು...