ಗಿಟಾರಿಗೆ ಮೂರರಲ್ಲಿ ಯಾವುದನ್ನ ಕೂರಿಸಲಿ

ಗೊರಗುಂಟೆಪಾಳ್ಯ
18-10-1986, ಶನಿವಾರ

ಚಿರಂಜೀವಿ ರಾಮಕೃಷ್ಣಪ್ಪನಿಗೆ ಅಣ್ಣ ಮುನಿಗಂಗಪ್ಪ ಮಾಡೋ ಆಶೀರ್ವಾದ.

ನನ್ನ ಕೈಲಿ ಕಾಗದ ಬರೆಸಬೇಕು ಅಂತ ನಿನಗೆ ಯಾಕೆ ಅನ್ನಿಸಿತೋ ಕಾಣೆ. ಎದುರಿಗೆ ಹೋಟೆಲಲ್ಲಿ ಫೋನಿದೆ. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಎರಡು ಗಂಟೆ ಕಾದು, ನಿಮ್ಮ ವರ್ಕ್‌ಶಾಪಿನವರು ನಿನ್ನನ್ನ ಹುಡುಕಿ ಕರ್ಕೊಂಡು ಬಂದು, ಗಿಟಾರಿಗೆ ಮೂರು ದಾರಿ ಇದೆ ಅಂತ ನಾನು ಬಾಯಿ ಬಿಟ್ಟಿದ್ದೇ ತಡ, "ಅಣ್ಣಾ, ಮೂರರ ಗುಣಾನೂ ಬರೆದು ಕಳಿಸು, ನಿಧಾನವಾಗಿ ಓದಿ ಹೇಳ್ತೀನಿ" ಅಂದುಬಿಟ್ಟೆ. ನಿಧಾನವಾಗಿ ಓದೋನು ನೀನು, ಬೆನ್ನು ಬಗ್ಗಿಸಿ ಬರೆಯೋನು ನಾನು. ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ನನಗೆ ಬೆತ್ತದಲ್ಲಿ ಕೊಟ್ಟರು, ನಾನು ಸ್ಲೇಟಲ್ಲಿ ವಾಪಸ್ ಕೊಟ್ಟೆ. ಅವತ್ತಿಗೆ ಮುಗೀತು ನನ್ನ ಬರವಣಿಗೆ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದ್ಕೋ, ನಗಬೇಡ.

ತಡ ಆಯ್ತು. ಹಬ್ಬದ ಹಿಂದೆಮುಂದೆ ಅಂಗಡೀಲಿ ತಂತಿ ಸುತ್ತೋಕೆ ಬಂದ ಮೋಟಾರುಗಳು ಗೊಬ್ಬರದ ಹಾಗೆ ಬಿದ್ದಿದ್ದವು. ಇಲ್ಲಿ ಎಲ್ಲಾ ಚೆನ್ನಾಗಿದೀವಿ. ನಿಮ್ಮತ್ತಿಗೆ ಮುನಿಕೆಂಪಮ್ಮನ ಮಂಡಿನೋವು ಈಗ ಪರವಾಗಿಲ್ಲ, ಬಾಯಿಗೆ ಮೊದಲಿನಿಂದಲೂ ಏನೂ ಆಗಿಲ್ಲ. ಅಲ್ಲಿ ವರಲಕ್ಷ್ಮಮ್ಮ, ಮಗಳು ಗೋಪಾಲಿ ಆರೋಗ್ಯವಾಗಿದಾರೆ ಅಂದ್ಕೋತೀನಿ.

ಈ ಕಾಗದ ಗೋಪಾಲೀನೂ ಓದ್ತಾಳೆ ಅಂತ ಗೊತ್ತು. ಅವಳಿಗೋಸ್ಕರ ಮೊದಲಿಂದ ಬರೀತೀನಿ. ಮಗಳೇ, ಬೇಸಿಗೆ ರಜಕ್ಕೆ ಬಂದಾಗ ನೀನು ಅಟ್ಟ ಹತ್ತಿ ನಿಮ್ಮಪ್ಪನ ಕೆಂಪು ಗಿಟಾರು ಇಳಿಸಿ, "ದೊಡ್ಡಪ್ಪಾ, ಇದಕ್ಕೆ ಯಾಕೆ ದನಿ ಇಲ್ಲ?" ಅಂದೆಯಲ್ಲ. ಅದು ನಿಮ್ಮ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ನೀನು ಕಲೀತಿರೋ ಥರದ್ದಲ್ಲ, ಎಲೆಕ್ಟ್ರಿಕ್ಕು. ಹೊಟ್ಟೆ ಟೊಳ್ಳಿಲ್ಲ, ಅದಕ್ಕೇ ಸ್ವಂತ ದನಿ ಇಲ್ಲ. ತಂತಿಗಳ ಕೆಳಗೆ ಬೆರಳುದ್ದದ ಒಂದು ಡಬ್ಬಿ ಕೂತಿರ್ತದೆ, ಅದೇ ಪಿಕಪ್ಪು. ಒಳಗೆ ಆರು ಮ್ಯಾಗ್ನೆಟ್ ಮೊಳೆ, ಅದರ ಸುತ್ತ ತಲೆಗೂದಲಷ್ಟು ಸಣ್ಣ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು, ಅದಕ್ಕೆ ಕಾಯಿಲ್ ಅಂತೀವಿ. ಮೇಲಿನ ತಂತಿ ನಡುಗಿದರೆ ಇದರೊಳಗೆ ಒಂದು ಎಳೆ ಕರೆಂಟು ಹುಟ್ಟಿ ಆಂಪ್ಲಿಫೈಯರಿಗೆ ಹೋಗ್ತದೆ. ಅದು ಕೆಟ್ಟರೆ ಗಿಟಾರು ಬರೀ ಮರದ ಹಲಗೆ.

ಅದು ಕೆಟ್ಟಿದ್ದು ಎಪ್ಪತ್ತೊಂದರ ರಾಜ್ಯೋತ್ಸವದ ದಿನ. ಯಶವಂತಪುರದ ಪೆಂಡಾಲಲ್ಲಿ ನಿಮ್ಮಪ್ಪನ ಆರ್ಕೆಸ್ಟ್ರಾದ ಮೊದಲನೇ ಪ್ರೋಗ್ರಾಮು. ಕಾಯಿಲ್ ಸುಟ್ಟಿದೆ, ಇದು ಇನ್ನು ಆಗಲ್ಲ ಅಂತ ನೋಡಿ ಹೇಳಿದೋನು ನಾನೇ. ಅವನು ಅದನ್ನ ನನ್ನ ಅಟ್ಟಕ್ಕೆ ಹಾಕಿ ರೈಲ್ವೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋದ. ಆಮೇಲೆ ಮುಟ್ಟಲಿಲ್ಲ. ನೀನು ಬಂದು ಮುಟ್ಟಿದೆ. "ನವೆಂಬರಲ್ಲಿ ನಮ್ಮ ಕಾಲೋನಿಯಲ್ಲಿ ರಾಜ್ಯೋತ್ಸವ, ಅಪ್ಪನ ಗಿಟಾರಲ್ಲೇ ನುಡಿಸ್ತೀನಿ, ರಿಪೇರಿ ಮಾಡಿಕೊಡು" ಅಂತ ಹಟ ಹಿಡಿದೆ. ನಮ್ಮಮ್ಮನ ಹೆಸರಿಟ್ಕೊಂಡಿರೋಳು, ಬೈಯೋಕೂ ನನಗೆ ಬಾಯಿ ಬರಲ್ಲ.

ಈಗ ರಾಮಕೃಷ್ಣ, ನಿನಗೆ.

ಆರ್.ಟಿ. ನಗರದಲ್ಲಿ ನಿನಗೆ ಗೊತ್ತಿರೋ ಅತಾವುಲ್ಲಾನ ಮಗ ಮುಜಫ್ಫರ್ ರೇಡಿಯೋ ರಿಪೇರಿ ಅಂಗಡಿ ಇಟ್ಟಿದಾನೆ. ಗಿಟಾರೂ ನುಡಿಸ್ತಾನೆ. ಅವನನ್ನ ಕರೆಸಿದೆ. ಬಿಚ್ಚಿ ನೋಡಿ ಏನೋ ಹೇಳೋಕೆ ಬಂದ. ನಾನು ಹುಟ್ಟಿಸಿದ ಕಾಯಿಲ್‌ಗಳ ಲೆಕ್ಕ ನಿನ್ನ ತಲೆಗೂದಲಿಗಿಂತ ಜಾಸ್ತಿ, ನೀನು ಬರೀ ತಂತಿ ತಂದ್ಕೊಡು ಅಂತ ಗದರಿದೆ. ಪಾಪ, ಸಿಟಿಗೆ ಹೋಗಿ ನಲವತ್ತಾರನೇ ನಂಬರ್ ತಂತಿ ತಂದುಕೊಟ್ಟ. ಪಂಪ್ ಮೋಟಾರಿಗೆ ನಾನು ಸುತ್ತೋ ತಂತಿ ಇದರ ಪಕ್ಕ ಹಗ್ಗದ ಹಾಗೆ ಕಾಣ್ತದೆ. ಕನ್ನಡಕದ ಮೇಲೆ ಕನ್ನಡಕ ಹಾಕ್ಕೊಂಡೆ. ಹ್ಯಾಂಡ್ ಡ್ರಿಲ್ಲಿಗೆ ಡಬ್ಬಿ ಸಿಕ್ಕಿಸಿ, ನಾನು ತಿರುಗಿಸೋದು, ನಿಮ್ಮತ್ತಿಗೆ ನೂರು ಸುತ್ತಿಗೊಂದು ಹುಣಸೇಬೀಜ ಪಕ್ಕಕ್ಕಿಡೋದು. ಎಪ್ಪತ್ತೆಂಟು ಬೀಜ ಆದವು. ಒಂದು ಕಡೆನೂ ತಂತಿ ಹರೀಲಿಲ್ಲ. ಎಷ್ಟು ಖುಷಿ ಆಯ್ತು ಅಂದರೆ, ಆ ಸಂಜೆ ಯಾರನ್ನೂ ಬೈಲಿಲ್ಲ. "ಜ್ವರ ಏನಾದ್ರೂ ಬಂದಿದ್ಯಾ?" ಅಂತ ನಿಮ್ಮತ್ತಿಗೆ ಹಣೆ ಮುಟ್ಟಿ ನೋಡಿದ್ಲು.

ಆಮೇಲೆ ಕೆಟ್ಟಿದ್ದು ನನ್ನ ಕಸುಬಿನ ಬುದ್ಧಿಯಿಂದ. ಸುತ್ತಿದ ಕಾಯಿಲ್ ಹಸಿ ಬಿಡಬಾರದು, ವಾರ್ನಿಷ್ ಕುಡಿಸಿ ಬೇಯಿಸಬೇಕು. ನಲವತ್ತು ವರ್ಷದಿಂದ ಕೈ ಹಂಗೇ ಓಡ್ತಾ ಬಂದಿದೆ. ಇದನ್ನೂ ವಾರ್ನಿಷಲ್ಲಿ ಅದ್ದಿ, ಡ್ರಮ್ಮಿನೊಳಗೆ ದೊಡ್ಡ ಬಲ್ಬು ಹಾಕಿದ ನಮ್ಮ ಒಲೆಯಲ್ಲಿ, ಬ್ಯಾಟರಾಯನಪುರದ ಆಂಜಿನಪ್ಪನ ಪಂಪ್ ಮೋಟಾರಿನ ಪಕ್ಕ ನೇತುಹಾಕಿದೆ. ನಾಲ್ಕು ಗಂಟೆ ಬಿಟ್ಟು ತೆಗೀತೀನಿ, ಮೋಟಾರು ಬೆಂದು ಬಂಗಾರ ಆಗಿದೆ. ಪಿಕಪ್ಪಿನ ಪ್ಲಾಸ್ಟಿಕ್ ಡಬ್ಬಿ ಕರಿದ ಹಪ್ಪಳದ ಹಾಗೆ ಸೊಟ್ಟಗೆ ಸುರುಳಿ ಸುತ್ತಿದೆ. ಎಪ್ಪತ್ತೆಂಟು ಬೀಜದ ಕೆಲಸ!

ಮೋಟಾರು ಒಯ್ಯೋಕೆ ಬಂದ ಆಂಜಿನಪ್ಪ ನೋಡಿ, "ಇದೇನಣ್ಣೋ ಇಂಗಾಯ್ತು? ನನ್ನ ದ್ರಾಕ್ಷಿ ತೋಟ ಒಣಗಾಕ್ಕೊಂಡು, ಈ ಚೇಳು ಸುಡ್ತಾ ಕುಂತಿದ್ದಾ?" ಅಂದ. ಅವನ ಮೋಟಾರು ಅವನ ತಲೆ ಮೇಲೇ ಹೊರಿಸಿ ಕಳಿಸಿದೆ. ಮುಜಫ್ಫರ್ ಮಾತ್ರ ನಗಲಿಲ್ಲ. "ಚಾಚಾ, ಇದು ಮೋಟಾರಲ್ಲ. ಇದಕ್ಕೆ ಬಿಸಿ ಆಗಲ್ಲ, ಮೇಣ ಸಾಕು" ಅಂದ. ಮೊದಲೇ ಹೇಳೋಕೆ ಏನಾಗಿತ್ತೋ ನಿನಗೆ ಅಂದೆ. "ನೀವು ಹೇಳೋಕೆ ಬಿಟ್ರಾ?" ಅಂದ. ಆ ಮಾತು ಸರಿಯಾಗೇ ಇತ್ತು. ಅವನಿಗೆ ಟೀ ತರಿಸಿದೆ.

ಈಗ ಮೂರು ದಾರಿ ಇದೆ. ಮೂರನ್ನೂ ಹಾಕಿ ಮುಜಫ್ಫರ್ ಕೈಲಿ ನುಡಿಸಿ ಕೇಳಿದೀನಿ. ಗುಣ ಬರಿ ಅಂದೆಯಲ್ಲ, ತಗೋ.

ಒಂದು, ಜಪಾನಿನ ಪಿಕಪ್ಪು. ದಂಡು, ಅದೇ ಕಂಟೋನ್ಮೆಂಟ್ ಕಡೆ ಯಾರೋ ಬ್ಯಾಂಡಿನವನ ಗಿಟಾರಿನ ಕುತ್ತಿಗೆ ಮುರೀತಂತೆ, ಅದರಿಂದ ಕಿತ್ತಿದ್ದು. ಬಲವಾಗಿದೆ. ಒಂದು ಮೀಟಿದರೆ ರಸ್ತೆ ಆಚೆ ಲಾರಿ ಕ್ಲೀನರು ತಿರುಗಿ ನೋಡಿದ. ಆದರೆ ಸಣ್ಣ ತಂತಿಗೆ ಬಂದಾಗ ಹಲ್ಲು ಜುಮ್ಮನ್ನಿಸ್ತದೆ. ಗಾತ್ರಾನೂ ದೊಡ್ಡದು. ಸದ್ಯಕ್ಕೆ ಸೈಕಲ್ ಟ್ಯೂಬಿನ ರಬ್ಬರಲ್ಲಿ ಕಟ್ಟಿ ಕೇಳಿದ್ವಿ, ಕೂರಿಸೋದಾದ್ರೆ ನಿನ್ನ ಗಿಟಾರಿನ ಮರ ಕೊರೀಬೇಕು. ನೀನು ಹೂಂ ಅನ್ನದೆ ನಾನು ಉಳಿ ಮುಟ್ಟಲ್ಲ.

ಎರಡು, ಕಲ್ಕತ್ತಾದ್ದು, ಹೊಸಾದು. ಹಳೇದರ ಗುಳೀಲಿ ಸರಿಯಾಗಿ ಕೂರ್ತದೆ. ಗುಂಯ್ ಅನ್ನೋ ಸದ್ದಿಲ್ಲ, ತಕರಾರಿಲ್ಲ. ಒಳ್ಳೇ ಮನೆತನದ ಅಳಿಯನ ಹಾಗೆ. ಆದರೆ ದನಿ ಕಂಬಳಿ ಹೊದ್ದು ಮಾತಾಡಿದ ಹಾಗಿದೆ. ಗೋಪಾಲಿ ಮೂರು ವರ್ಷ ಕಲಿತದ್ದು ಕೊನೇ ಸಾಲಿನವರಿಗೆ ಗೊತ್ತೇ ಆಗಲ್ಲ.

ಮೂರು, ನಂದು. ಹಳೇದರ ಆರು ಮ್ಯಾಗ್ನೆಟ್ಟೂ ಉಳಿದಿದ್ದವು. ಮೋಟಾರಿನ ಸ್ಲಾಟಿಗೆ ಹಾಕೋ ಫೈಬರ್ ಶೀಟು ಕತ್ತರಿಸಿ ಹೊಸ ಡಬ್ಬಿ ಮಾಡಿ, ಮತ್ತೆ ಸುತ್ತಿದೆ. ಈ ಸಲ ಎಂಬತ್ತೊಂದು ಬೀಜ. ಒಲೆ ಹತ್ತಿರ ಹೋಗಲಿಲ್ಲ, ಮೇಣದಬತ್ತಿ ಕರಗಿಸಿ ಅದ್ದಿದೆ. ದಪ್ಪ ತಂತಿಗೆ ಎದೆ ಒಳಗಿಂದ ಬಂದ ಹಾಗೆ ದನಿ ಬರ್ತದೆ. ಸಣ್ಣ ತಂತಿ ಚುಚ್ಚಲ್ಲ. ಐಬು ಮುಚ್ಚಿಡಲ್ಲ: ಕೈ ತೆಗೆದರೆ ಸಣ್ಣಗೆ ಗುಂಯ್ ಅಂತದೆ, ಮೂರನೇ ತಂತಿ ಸ್ವಲ್ಪ ಮೆತ್ತಗೆ. ಸ್ಟೇಜಲ್ಲಿ ಅದು ಕೈ ಕೊಡಲ್ಲ ಅಂತ ನಾನು ಬಾಂಡ್ ಪೇಪರಲ್ಲಿ ಬರೆದುಕೊಡೋಕಾಗಲ್ಲ. ಮೊದಲನೇದನ್ನ ಹಪ್ಪಳ ಮಾಡಿದ ಕೈ ಇದು.

ನಿಮ್ಮತ್ತಿಗೆ ಬೆನ್ನು ತಿರುಗಿಸಿ ಹುರುಳಿಕಾಯಿ ಮುರೀತಾ ಕೂತಿದ್ಲು, ಯಾವುದು ಯಾವುದು ಅಂತ ಗೊತ್ತಿಲ್ಲ. ಜಪಾನಿಗೆ "ಆಫ್ ಮಾಡ್ರೋ" ಅಂದ್ಲು. ಕಲ್ಕತ್ತಾಕ್ಕೆ ಕಾಯಿ ಮುರೀತಾನೇ ಇದ್ಲು. ನಂದಕ್ಕೆ ಕೈ ನಿಲ್ಲಿಸಿ, "ಇದು ನಮ್ಮ ರಾಮಕೃಷ್ಣ ಹಿತ್ತಲಲ್ಲಿ ಕೂತು ನುಡಿಸ್ತಿದ್ದ ಹಂಗೇ ಇದೆ" ಅಂದ್ಲು. ನನ್ನ ಮೆಚ್ಚಿಸೋಕೆ ಅವಳು ಯಾವತ್ತೂ ಮಾತಾಡಿಲ್ಲ, ಅದು ನಿನಗೂ ಗೊತ್ತು. ಆದರೂ ಅವಳ ಕಿವಿ ನಂಬ್ಕೊಂಡು ಕೂರಿಸಬೇಡ. ಗಿಟಾರು ನಿಂದು, ಮಗಳು ನಿನ್ನವಳು.

ಮೊನ್ನೆ ಆಯುಧ ಪೂಜೆಗೆ ಪ್ರತಿ ವರ್ಷದ ಹಾಗೆ ಗಿಟಾರನ್ನೂ ಸಾಮಾನಿನ ಜೊತೆ ಇಟ್ಟಿದ್ವಿ. ಇದು ನಿಮ್ಮತ್ತಿಗೆ ಹಿಡಿದ ಪದ್ಧತಿ, ಅದೂ ಒಬ್ಬ ಗಂಡಸಿನ ಆಯುಧವೇ ಅಂತಾಳೆ. ಸುತ್ತಿಗೆ, ಕಟಿಂಗ್ ಪ್ಲೇಯರ್, ಡ್ರಿಲ್ಲು, ಪಕ್ಕದಲ್ಲಿ ಗಿಟಾರು. ಎಲ್ಲಕ್ಕೂ ವಿಭೂತಿ, ಕುಂಕುಮ. ಈ ಸಲ ಅದರ ಎದೆಯಲ್ಲಿ ದನಿ ಇತ್ತು, ನೋಡೋಕೆ ಚೆನ್ನಾಗಿತ್ತು.

ನವೆಂಬರ್ ಹದಿನಾರು ಭಾನುವಾರ ತಾನೆ ನಿಮ್ಮ ಕಾಲೋನಿಯ ಪ್ರೋಗ್ರಾಮು? ಎರಡು ದಿನ ಮೊದಲೇ ಗಿಟಾರು ತಗೊಂಡು ನಾನೂ ನಿಮ್ಮತ್ತಿಗೇನೂ ಬರೋದು ಅಂತ ಇದೀವಿ. ಅವಳು ಈಗಲೇ ಚಕ್ಕುಲಿಗೆ ಹಿಟ್ಟು ಹಾಕಿಸಿದಾಳೆ. ನನಗೆ ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಿಡಿದಿಡು. ಈ ಒಂದು ತಿಂಗಳು ನಾನು ಚೆನ್ನಾಗಿದ್ದೆ ಕಣೋ. ಪಂಪ್ ಮೋಟಾರು ಸುತ್ತಿದರೆ ನೀರು ಬರ್ತದೆ, ಸರಿ. ನಾನು ಸುತ್ತಿದ್ದರಿಂದ ಹಾಡು ಬರೋದನ್ನ ಇದೇ ಮೊದಲು ಕೇಳಿದ್ದು.

ವರಲಕ್ಷ್ಮಮ್ಮನಿಗೆ, ಮಗುವಿಗೆ ಆಶೀರ್ವಾದ. ಗೋಪಾಲಿ ಬೆರಳ ತುದಿ ಒಡೆಯೋ ತನಕ ಸಾಧನೆ ಮಾಡೋದು ಬೇಡ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ.

ಇಂತಿ ನಿನ್ನ ಅಣ್ಣ,
ಮುನಿಗಂಗಪ್ಪ

ತಾ.ಕ.: ಕವರಿಗೆ ಅಂಟು ಹಾಕಿ ಎರಡು ದಿನ ಜೇಬಲ್ಲಿಟ್ಕೊಂಡು ಓಡಾಡಿದೆ. ಇವತ್ತು ಸೋಮವಾರ. ಮತ್ತೆ ಒಡೆದೆ. ಈ ಹಾಳೆ ಬೇರೆ ಇಟ್ಟಿದೀನಿ, ಇದನ್ನ ಮಗು ಓದೋದು ಬೇಡ.

ಮುಜಫ್ಫರ್ ಮೊದಲನೇ ದಿನ ಹೇಳೋಕೆ ಬಂದಿದ್ದು ಇದು: "ಚಾಚಾ, ಕಾಯಿಲ್ ಸುಟ್ಟಿಲ್ಲ. ವೈರು ಬುಡದಲ್ಲಿ ಕಟ್ ಆಗಿದೆ. ಕಿತ್ತೋಗಿದ್ದಲ್ಲ, ಯಾರೋ ಪ್ಲೇಯರಲ್ಲಿ ಕತ್ತರಿಸಿದಾರೆ. ಒಂದು ಚುಕ್ಕೆ ಸೋಲ್ಡರ್ ಬೆಸುಗೆ ಸಾಕು." ಅದಕ್ಕೇ ಅವನನ್ನ ಗದರಿದ್ದು.

ಕತ್ತರಿಸಿದೋನು ನಾನು. ಅವತ್ತು ಮಧ್ಯಾಹ್ನ ನೀನು ಸ್ನಾನಕ್ಕೆ ಹೋಗಿದ್ದೆ. ಮದ್ರಾಸಿನ ಆರ್ಕೆಸ್ಟ್ರಾದವನು ನಿನ್ನ ಕೇಳೋಕೆ ಬರ್ತಾನೆ, ಮೆಚ್ಚಿದರೆ ಕರ್ಕೊಂಡೇ ಹೋಗ್ತಾನೆ ಅಂತ ನೀನು ಬೆಳಿಗ್ಗೆಯಿಂದ ಕುಣೀತಿದ್ದೆ. ರೈಲ್ವೆ ಕೆಲಸದ ಕಾಗದ ಬಂದು ಗೂಡಲ್ಲಿ ಬಿದ್ದಿತ್ತು, ಅದರ ಮುಖ ನೀನು ನೋಡಿರಲಿಲ್ಲ. ಅಪ್ಪ ಹೋದಾಗಿಂದ ಸಾಕಿದ್ದೆ ನಿನ್ನ. ನಾಲ್ಕು ಸ್ಕ್ರೂ ಬಿಚ್ಚಿದೆ, ಒಂದು ಸಲ ಒತ್ತಿದೆ, ಮತ್ತೆ ಮುಚ್ಚಿದೆ. ಪೆಂಡಾಲಲ್ಲಿ ನೀನು ಮೀಟ್ತಾನೇ ಇದ್ದೆ, ದನಿ ಬರಲಿಲ್ಲ, ಜನ ಸಿಳ್ಳೆ ಹೊಡೆದರು. ನಾನು ಹಿಂದೆ ನಿಂತಿದ್ದೆ. ಮನೆಗೆ ಬಂದು "ನೀನೇ ನೋಡಣ್ಣಾ, ನಿನಗೆ ತಂತಿ ಗೊತ್ತು" ಅಂತ ಕೈಗೆ ಕೊಟ್ಟೆ. ನಾನು ಸುಟ್ಟಿದೆ ಅಂದೆ. ನೀನು ನಂಬಿದೆ.

ಮದ್ರಾಸಿಗೆ ಹೋಗದೆ ಮನೇಲಿರಲಿ ಅಂತ ಕತ್ತರಿಸಿದೆ. ನೀನು ಹುಬ್ಬಳ್ಳಿಗೆ ಹೋದೆ.

ಪ್ರತಿ ಆಯುಧ ಪೂಜೆಗೂ ಆ ಗಿಟಾರಿನ ಪಕ್ಕ ಕೂತು ಕುಂಕುಮ ಇಡಿಸ್ಕೊಳ್ಳೋದು ಅದೇ ಪ್ಲೇಯರು. ಈಗಲೂ ಒಂದು ಚುಕ್ಕೆ ಸೋಲ್ಡರ್ ಹಾಕಿ ಸುಮ್ಮನಿರಬಹುದಿತ್ತು. ಸುಟ್ಟಿದೆ ಅಂತ ಹೇಳಿದ ಬಾಯಿಗೆ ಅದು ಆಗಲಿಲ್ಲ. ಚೆನ್ನಾಗಿದ್ದ ಹಳೇ ಕಾಯಿಲ್ ಬಿಚ್ಚಿ ಎಸೆದೆ, ಹೊಸದು ಸುತ್ತಿದೆ, ಕೊನೆಗೆ ನಾನೇ ಸುಟ್ಟೆ.

ಇಷ್ಟೇ. ನೀನು ಅಲ್ಲಿ ಸುಖವಾಗಿದೀಯ, ಅದು ಕಣ್ಣಿಗೆ ಕಾಣ್ತದೆ. ಅದರಿಂದ ನಾನು ಮಾಡಿದ್ದು ಸರಿ ಆಗಲ್ಲ, ಅದೂ ಗೊತ್ತು.

ಮೂರರಲ್ಲಿ ಯಾವುದು ಅಂತ ಬರಿ. ಗಿಟಾರು ನಾನೇ ತರಲೋ, ರೈಲ್ವೆ ಪಾರ್ಸಲ್ಲಿಗೆ ಹಾಕಲೋ, ಅದನ್ನೂ ಬರಿ. ಅಕ್ಟೋಬರ್ ಮೂವತ್ತು, ಗುರುವಾರದೊಳಗೆ ಉತ್ತರ ನನ್ನ ಕೈಲಿರಬೇಕು.