ಅತ್ತೆಯ ಕಾಲು, ಅತ್ತೆಯ ಉಪವಾಸ

ಆಗಸ್ಟ್ 21

ಬೆಳಗ್ಗೆ ಮತ್ತೆ ಅದೇ ರಾಮಾಯಣ. ಅತ್ತೆಯ ಹೊಟ್ಟೆಗೆ ಸೂಜಿ ಹಾಕಬೇಕು, ಅವರು ಸೆರಗು ಬಿಡಲ್ಲ.

"ಮುರಿದಿದ್ದು ಪಾದದ ಗಂಟು, ಚುಚ್ಚೋದು ಹೊಟ್ಟೆಗೆ. ಎಲ್ಲಿ ಓದಿದಾರೆ ವಹು, ನಿಮ್ಮ ಡಾಕ್ಟರು?"

ಬಸದಿ ಮೆಟ್ಟಿಲಲ್ಲಿ ಜಾರಿದ್ದು ಇವರು, ಮಾತು ಕೇಳೋದು ವಹು, ಅಂದರೆ ಸೊಸೆ, ನಾನು. ಆಪರೇಷನ್ ಆಗಿದೆ, ಪ್ಲೇಟು ಹಾಕಿದಾರೆ, ಮಂಡಿವರೆಗೂ ಪಟ್ಟಿ. ಕಾಲು ಸುಮ್ಮನೆ ಬಿದ್ದಿದ್ದರೆ ರಕ್ತ ಹೆಪ್ಪುಗಟ್ಟುತ್ತೆ, ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ — ಡಾ. ಪಂಡ್ಯಾ ಮೇಡಂ ನನ್ನನ್ನೇ ಕೂರಿಸಿ ಹೇಳಿದ್ದು. ಸೂಜಿ ತಪ್ಪಬಾರದು, ಬೆರಳು ಆಡಿಸಬೇಕು, ನೀರು ಕುಡಿಯಬೇಕು. ಎಲ್ಲದಕ್ಕೂ ಜಗಳ. ಬೆರಳು ಆಡಿಸಿದರೆ ಪಕ್ಕದ ಮನೆ ಇಂದುಬೆನ್ "ಅಯ್ಯೋ, ಅಲ್ಲಾಡಿಸಬೇಡಿ!" ಅಂತ ಓಡಿಬರ್ತಾರೆ. ನೀರು ಅಂದರೆ… ಸೂರ್ಯ ಮುಳುಗಿದ ಮೇಲೆ ಹನಿಯೂ ಮುಟ್ಟಲ್ಲ. ಭಾವನಗರದ ಅರ್ಧ ಊರು ಕಾಲು ನೋಡೋಕೆ ಬಂದು ನನ್ನ ಕೈಯಲ್ಲಿ ಚಹಾ ಮಾಡಿಸಿಕೊಂಡು ಹೋಗ್ತಿದೆ.

ಗಂಡ ಹೇಮಲ್‌ಗೆ ಹೇಳಿದೆ. "ಅಮ್ಮನ ವಿಷಯ ಫಾಲ್ಗುನಿ, ನೀನೇ ನೋಡ್ಕೋ." ಆಹಾ! ಅಮ್ಮ ಯಾರಿಗೆ, ಗಂಡಾಂತರ ಯಾರಿಗೆ.

ಆಗಸ್ಟ್ 24

ಇಂದುಬೆನ್ ಮೊಬೈಲ್ ಹಿಡಿದು ಬಂದರು. ಆ ಸೂಜಿಮದ್ದು ಹಂದಿಯ ಕರುಳಿಂದ ಮಾಡೋದಂತೆ.

ಆಲೂಗಡ್ಡೆ ಕಿತ್ತರೆ ಮಣ್ಣಿನ ಜೀವ ಸಾಯುತ್ತೆ ಅಂತ ಮನೆಯೊಳಗೆ ಬಿಡದ ಹೆಂಗಸು ನಮ್ಮ ಅತ್ತೆ. ಮುಖ ಬಿಳಿಚಿತು. ಬಾಯಿಗೆ ಸೆರಗು ಒತ್ತಿಕೊಂಡು ಓಕರಿಸಿದರು. "ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಮೇಡಂಗೆ ಫೋನ್ ಮಾಡಿದೆ. ನಿಜವಂತೆ. ಬದಲಿಗೆ ಮಾತ್ರೆ ಬರೆದುಕೊಟ್ಟರು, ಅದರಲ್ಲಿ ಪ್ರಾಣಿದು ಏನೂ ಇಲ್ಲ. ಒಂದು ದಿನವೂ ಬಿಡಬೇಡಿ ಅಂದರು. ಇಂದುಬೆನ್‌ಗೆ ಬೇರೆ ಕೆಲಸ ಇಲ್ವಾ?

ಆಗಸ್ಟ್ 31

ನಮ್ಮ ಜೈನರ ದೊಡ್ಡ ಪರ್ವ, ಪರ್ಯೂಷಣ ಶುರು. ಅತ್ತೆ ಪ್ರತಿವರ್ಷದ ಹಾಗೆ ಎಂಟು ದಿನದ ಉಪವಾಸ ಹಿಡಿದುಬಿಟ್ಟರು. ಹಗಲಲ್ಲಿ ಕಾಯಿಸಿದ ನೀರು, ಅಷ್ಟೇ. ಮಾತ್ರೆ?

"ಅದನ್ನ ನುಂಗಿದ್ರೆ ಉಪವಾಸ ಎಲ್ಲಿ ಉಳೀತು? ಎಂಟು ದಿನ ತಾನೇ. ಕಾಲು ಎಲ್ಲಿಗೂ ಓಡಿಹೋಗಲ್ಲ."

ಬಸದಿಗೆ ಬಂದಿದ್ದ ಸನ್ಯಾಸಿನಿ, ಸಾಧ್ವೀಜಿಯನ್ನ ಕರ್ಕೊಂಡು ಬಂದೆ. ಪಾಪ, ಬಿಸಿಲಲ್ಲಿ ಬರಿಗಾಲಲ್ಲಿ ಬಂದರು. "ರೋಗಿಗೆ ಈ ತಪಸ್ಸು ಬೇಡ. ಔಷಧ ತಗೊಳ್ಳಿ, ಪ್ರಾಯಶ್ಚಿತ್ತ ಆಮೇಲೆ ನಾನು ಕೊಡ್ತೀನಿ." ಅತ್ತೆ ಕೈಮುಗಿದು ತಲೆಯಾಡಿಸಿದರು. ಅವರು ಬೀದಿ ತಿರುಗಿದ್ದೇ ತಡ — "ಚಿಕ್ಕ ವಯಸ್ಸು. ಮೃದು ಮನಸ್ಸು." ಮಾತ್ರೆ ಮುಟ್ಟಲಿಲ್ಲ.

ತಲೆ ಚಚ್ಚಿಕೊಳ್ಳೋದೊಂದು ಬಾಕಿ.

ಸೆಪ್ಟೆಂಬರ್ 5. ಆಸ್ಪತ್ರೆ

"ಪಟ್ಟಿ ಬಿಗಿಯಾಗಿದೆ" ಅಂತ ನಿನ್ನೆಯಿಂದ ಗೊಣಗ್ತಿದ್ದರು. ಬೆಳಗ್ಗೆ ನೋಡಿದರೆ ಬೆರಳೆಲ್ಲ ಊದಿದೆ. ಮಂಡಿ ಹಿಂದೆ ಮುಟ್ಟಿದೆ, ಕಾದ ತವಾ. ಚಹಾ ಅಲ್ಲೇ ಬಿಟ್ಟು ಎತ್ತಾಕಿಕೊಂಡು ಬಂದೆವು.

ಸ್ಕ್ಯಾನ್ ಆಯ್ತು. ಹೆಪ್ಪುಗಟ್ಟಿದೆ, ತೊಡೆವರೆಗೂ. ಉಪವಾಸದಿಂದ ಕಿಡ್ನಿ ಸೊರಗಿದೆ, ಈಗ ಆ ಮಾತ್ರೆ ಆಗಲ್ಲ. ಡ್ರಿಪ್ಪಲ್ಲಿ ಹಂದಿಮದ್ದೇ ಕೊಡಬೇಕು, ಈಗಲೇ.

"ಬೇಡ. ಪರ್ಯೂಷಣದಲ್ಲಿ ಸತ್ರೆ ಒಳ್ಳೇದೇ."

ಹೇಮಲ್ ಗೋಡೆ ಕಡೆ ತಿರುಗಿ ಅಳ್ತಾ ನಿಂತ. ನನಗೆ ರೇಗಿಹೋಯ್ತು. ಇಡೀ ವಾರ್ಡಿಗೆ ಕೇಳೋ ಹಾಗೆ ಕೈಮುಗಿದು ಹೇಳಿಬಿಟ್ಟೆ: "ಅತ್ತೆ ಮದ್ದು ತಗೊಳ್ಳೋ ತನಕ ನನಗೆ ಅನ್ನ ಇಲ್ಲ, ನೀರಿಲ್ಲ, ಚಹಾ ಇಲ್ಲ. ಪ್ರತಿಜ್ಞೆ."

ಅತ್ತೆ ಕಣ್ಣುಬಿಟ್ಟರು. "ನೀನಾ? ಅರ್ಧ ದಿನದ ಉಪವಾಸವೂ ಮಾಡಿದೋಳಲ್ಲ!"

"ಹೂಂ. ನಾನೇ."

"ಬೆಳಗ್ಗೆ ಚಹಾ ಕುಡಿದ್ಯಾ?"

"ಇಲ್ಲ."

ಗಂಟೆ ಕಳೀತು. ತಲೆ ಸಿಡೀತಿತ್ತು. ಸಿಸ್ಟರ್‌ಗೆ ರೇಗಿದೆ, ಹೇಮಲ್‌ಗೆ ರೇಗಿದೆ, ಬಾಗಿಲಿಗೂ ರೇಗಿದೆ. ನಡುನಡುವೆ ಅವರ ಮಂಡಿ ಹಿಂದೆ ಮುಟ್ಟಿ ನೋಡ್ತಿದ್ದೆ. ಅತ್ತೆ ಎಲ್ಲ ನೋಡ್ತಾನೇ ಇದ್ದರು. ಕೊನೆಗೆ ಸಿಸ್ಟರ್‌ನ ಕರೆದರು.

"ಹಾಕಮ್ಮ ಸೂಜಿ. ಇವಳು ಹಿಂಗೇ ಇದ್ರೆ ವಾರ್ಡಲ್ಲಿ ಯಾರೂ ಉಳಿಯಲ್ಲ."

ಸೆಪ್ಟೆಂಬರ್ 7

ಸಂವತ್ಸರಿ. ವರ್ಷದ ತಪ್ಪಿಗೆಲ್ಲ "ಮಿಚ್ಛಾಮಿ ದುಕ್ಕಡಂ" ಅಂತ ಕ್ಷಮೆ ಕೇಳೋ ದಿನ. ಬೆಳಗ್ಗಿಂದ ಫೋನೋ ಫೋನು. ಊತ ಇಳೀತಿದೆ, ಗಂಡಾಂತರ ಕಳೀತು ಅಂದರು ಮೇಡಂ. ಅತ್ತೆ ಈಗ ಹೆಸರುಬೇಳೆ ನೀರು ಕುಡೀತಾರೆ — ಉಪ್ಪು ಕಮ್ಮಿ ಅಂತ ಜಗಳ ಆಡ್ಕೊಂಡು.

"ಮೊದಲು ಯಾರಿಗೆ ಫೋನ್ ಹಚ್ಚಲಿ? ಇಂದುಬೆನ್‌ಗಾ?"

ಅತ್ತೆ ಡ್ರಿಪ್ ಬಾಟಲಿ ಕಡೆ ಕೈಮುಗಿದರು. "ಮೊದಲು ಆ ಹಂದಿಗೆ. ಎಲ್ಲಿಯದೋ ಏನೋ, ನನ್ನ ಹೆಸರೂ ಕೇಳಿರಲ್ಲ ಅದು. ಮಿಚ್ಛಾಮಿ ದುಕ್ಕಡಂ."

ನಗು ಬರಬೇಕಿತ್ತು. ಬರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಕೈ ಎತ್ತಿದರು. "ಅಯ್ಯೋ ಇಳಿಸಿ, ಸೂಜಿ ಕಿತ್ತು ಬರುತ್ತೆ!" ಅಂತ ಗದರಿದೆ. ಕೇಳಿದರಾ? ಕೇಳೋ ಪೈಕಿಯೇ ಅಲ್ಲ. "ವಹು, ಅವತ್ತು ನಿನ್ನ ಚಹಾ…" ಅಂತ ಶುರು ಮಾಡಿದರು. ಹಾಸಿಗೆ ತುದೀಲಿ ಕಾಲಬೆರಳು ಆಡಿಸ್ತಾ ಇದ್ದರು. ನಾನು ಹೇಳದೇ.

ಅವರ ಕೈ ಹಿಡಿದು ಕೆಳಗಿಟ್ಟೆ. ನಾನೂ ಹೇಳಬೇಕಲ್ಲ. ಮಿಚ್ಛಾ —